ಪಾತ್ರದಾಟಗಳಲ್ಲಿ ದುರ್ಲಭ ಭಾಷೆಗಳ ಅಭ್ಯಾಸ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮುವ್ವತ್ತು ವರ್ಷಗಳಿಗೂ ಮಿಕ್ಕು ಉಪಾಧ್ಯಾಯ ವೃತ್ತಿಯನ್ನು ನಡೆಸಿ ವಿಶ್ರಾಂತನಾಗಿರುವ ನನ್ನಂಥವನು ಆಟದ ವಿಷಯವಾಗಿ ಲೇಖನವನ್ನು ಬರೆಯುವುದು ವಾಚಕ ಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ತಂದಿದ್ದ ಆಟದ ಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದಾಗ, ಅದರಲ್ಲಿ ಭಾಷಾಭ್ಯಾಸಕ್ಕೆ ಸಂಬಂಧಪಟ್ಟ ನಿಯಮಗಳು ಕಣ್ಣಿಗೆ ಬಿದ್ದುವು. ಒಂದು ಭಾಷೆಯು ದುರ್ಲಭವೆನ್ನಿಸುವುದು ಯಾವ ಕಾರಣದಿಂದ, ಅದನ್ನು ಕಲಿಯುವವನಿಗೆ ಏನೇನು ಬೇಕು ಎಂಬ ಪ್ರಶ್ನೆಗಳಿಗೆ ಇಂಥ ಆಟಗಳನ್ನು ರಚಿಸಿದವರು ಐವತ್ತು ವರ್ಷಗಳ ಅವಧಿಯಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿರುವರು. ಆ ಉತ್ತರಗಳ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಆಟದ ಸ್ವರೂಪವನ್ನು ತಿಳಿಸಬೇಕು. ನಾಲ್ಕೈದು ಮಂದಿ ಮೇಜಿನ ಸುತ್ತಲೂ ಕುಳಿತು, ಯೋಧ, ಮಂತ್ರವಾದಿ, ಕಳ್ಳ ಮುಂತಾದ ಪಾತ್ರಗಳನ್ನು ಒಬ್ಬೊಬ್ಬರು ವಹಿಸಿಕೊಂಡು, ಬರಿಯ ಮಾತಿನಿಂದಲೇ ಕಥೆಯನ್ನು ನಡೆಸುವರು. ವೇಷಭೂಷಣಗಳಿಲ್ಲ, ರಂಗಸ್ಥಳವಿಲ್ಲ. ಒಬ್ಬನು ಸೂತ್ರಧಾರನಾಗಿದ್ದು ಲೋಕದ ಸ್ಥಿತಿಗತಿಗಳನ್ನು ವರ್ಣಿಸುವನು; ಕಾರ್ಯದ ಫಲವು ಸಂದಿಗ್ಧವಾದಲ್ಲಿ ದಾಳವನ್ನು ಉರುಳಿಸಿ ನಿರ್ಣಯಿಸುವರು. ನಮ್ಮ ಕಡೆಯ ತಾಳಮದ್ದಳೆಯನ್ನು ಕೇಳಿದವರಿಗೆ ಇದರ ಸ್ವಾರಸ್ಯವು ಬೇಗ ಹೊಳೆಯುವುದು. ಅಲ್ಲಿ ಪ್ರಸಂಗದ ಮುಕ್ತಾಯವು ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಈ ಜಾತಿಯ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟವು ೧೯೭೪ನೆಯ ಇಸವಿಯಲ್ಲಿ ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಮೂರು ಸಣ್ಣ ಪುಸ್ತಿಕೆಗಳಾಗಿ ಪ್ರಕಟವಾಯಿತು. ಮೊದಲ ಮುದ್ರಣದಲ್ಲಿ ೧೦೦೦ ಪ್ರತಿಗಳಿದ್ದುವು. ಅದರಲ್ಲಿ ಭಾಷೆಯ ನಿಯಮವು ಬಹು ಸಂಕ್ಷಿಪ್ತವಾದುದು. ಮನುಷ್ಯರಲ್ಲಿ ಬಹುತೇಕರಿಗೆ ‘ಸಾಮಾನ್ಯ ಭಾಷೆ’ಯು ತಿಳಿದಿರುವುದು, ನಿಯಮನಿಷ್ಠರು, ಸ್ವೇಚ್ಛಾಚಾರಿಗಳು, ತಟಸ್ಥರು ಎಂಬ ಮೂರು ಪಕ್ಷಗಳಿಗೂ ಪ್ರತ್ಯೇಕ ಭಾಷೆಗಳುಂಟು, ಮಾತಾಡಬಲ್ಲ ಇತರ ಪ್ರಾಣಿಗಳಿಗೆ ತಮ್ಮ ತಮ್ಮ ಭಾಷೆಗಳುಂಟು. ದಾಳಗಳಿಂದ ನಿರ್ಣಯವಾದ ಬುದ್ಧಿಯ ಅಂಕವು ೧೦ನ್ನು ಮೀರಿದರೆ, ಮೀರಿದ ಒಂದೊಂದು ಅಂಕಕ್ಕೆ ಒಂದೊಂದು ಭಾಷೆಯನ್ನು ಹೆಚ್ಚಾಗಿ ಕಲಿಯಬಹುದು. ಬುದ್ಧಿಯು ೧೫ ಆಗಿರುವವನಿಗೆ ಸಾಮಾನ್ಯ ಭಾಷೆ, ಸ್ವಪಕ್ಷದ ಭಾಷೆ, ಇತರ ಐದು ಭಾಷೆಗಳು, ಒಟ್ಟು ಏಳು. ಇಲ್ಲಿ ಗುರುವಿನ ಪ್ರಸ್ತಾಪವಿಲ್ಲ, ಕಾಲದ ಲೆಕ್ಕವಿಲ್ಲ. ಭಾಷೆಯು ಜನ್ಮದೊಡನೆ ಬಂದ ಸಂಪತ್ತಿನಂತೆ ಎಣಿಸಲ್ಪಟ್ಟಿತು.

ನಾಲ್ಕು ವರ್ಷಗಳ ತರುವಾಯ, ೧೯೭೮ರಲ್ಲಿ, ಇದೇ ಆಟದ ವಿಸ್ತೃತ ರೂಪವು ಹೊರಬಂದಿತು. ಅದರ ನಿಯಮದಂತೆ ಪಕ್ಷಾಂತರ ಮಾಡಿದ ಪಾತ್ರಕ್ಕೆ ಹಿಂದಿನ ಪಕ್ಷದ ಭಾಷೆಯನ್ನಾಡುವ ಶಕ್ತಿಯು ತಪ್ಪಿಹೋಗುವುದು. ಮಠವನ್ನು ಬಿಟ್ಟು ಹೊರಟ ಮಾತ್ರಕ್ಕೆ ಕಲಿತ ಶಾಸ್ತ್ರವು ನಾಲಗೆಯಿಂದ ಅಳಿಸಿಹೋಗುವುದುಂಟೇ? ಈ ನಿಯಮವು ಆಟದಲ್ಲಿ ಬಹುಕಾಲ ನಿಲ್ಲಲಿಲ್ಲವೆಂಬುದು ಆಶ್ಚರ್ಯವಲ್ಲ. ಆದರೆ ೧೯೭೯ರಲ್ಲಿ ಸೂತ್ರಧಾರನಿಗಾಗಿ ಬರೆದ ಗ್ರಂಥದಲ್ಲಿ ಕಳ್ಳನ ಪಾತ್ರದ ಬಗೆಗೆ ಒಂದು ವಿವೇಕದ ಮಾತಿದೆ. ಕಳ್ಳನು ನಾಲ್ಕನೆಯ ಮೆಟ್ಟಲಿಗೇರಿದಾಗ ಅನ್ಯಭಾಷೆಯ ಬರಹವನ್ನು ಓದುವ ಶಕ್ತಿಯನ್ನು ನೂರಕ್ಕೆ ೨೦ರಷ್ಟು ಪಡೆಯುವನು. ಓದಿದಾಗಲೂ ಸುಮಾರು ಅಷ್ಟೇ ಪಾಲು ಅರ್ಥವು ತಿಳಿಯುವುದು, ಮಿಕ್ಕುದನ್ನು ಊಹಿಸಬೇಕು. ಅತಿ ಪ್ರಾಚೀನವೆಂದು ಸೂತ್ರಧಾರನು ಗೊತ್ತುಮಾಡಿದ ಭಾಷೆಗಳನ್ನು ಅವನು ಓದಲಾರನು.

ಈ ನಿಯಮದ ಸತ್ಯಾಂಶಕ್ಕೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿಯು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅಶೋಕನ ಸ್ತಂಭಗಳನ್ನು ದೆಹಲಿಗೆ ತರಿಸಿ, ಅವುಗಳ ಮೇಲಿನ ಬರಹವನ್ನು ಓದಲು ಬ್ರಾಹ್ಮಣ ಪಂಡಿತರನ್ನು ಕರೆಸಿದನು. ಅವರಿಗೆ ಸಾಧ್ಯವಾಗಲಿಲ್ಲ. ಆ ಭಾಷೆಯು ಸಂಸ್ಕೃತಕ್ಕೆ ಸಮೀಪದ ಪ್ರಾಕೃತ. ಯಾರಾದರೂ ಓದಿ ಹೇಳಿದ್ದರೆ ಬಹುಭಾಗವು ಅವರಿಗೆ ಅರ್ಥವಾಗುತ್ತಿದ್ದಿತು. ಬ್ರಾಹ್ಮೀ ಅಕ್ಷರಗಳನ್ನು ಹೇಳಿಕೊಡುವವರ ಪರಂಪರೆಯು ಮಾತ್ರ ನಿಂತುಹೋಗಿದ್ದಿತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವನು ಸಾಂಚಿಯ ಚಿಕ್ಕ ಚಿಕ್ಕ ಶಾಸನಗಳ ಕೊನೆಯಲ್ಲಿ ‘ದಾನಂ’ ಎಂಬ ಶಬ್ದವಿರಬೇಕೆಂದು ಊಹಿಸಿ ಆ ಲಿಪಿಯ ಬಾಗಿಲನ್ನು ತೆರೆದನು.

ಇತ್ತ ಬೇರೆ ಆಟಗಳೂ ಹುಟ್ಟಿಕೊಂಡುವು. ೧೯೭೮ರ ‘ರೂನ್‌ಕ್ವೆಸ್ಟ್’ ಎಂಬ ಆಟವು ಭಾಷಾಜ್ಞಾನವನ್ನು ಶೇಕಡಾ ಲೆಕ್ಕದಲ್ಲಿ ಅಳೆದು, ಮಾತಾಡುವುದನ್ನೂ ಓದುಬರಹವನ್ನೂ ಬೇರ್ಪಡಿಸಿತು. ೧೯೮೧ರ ‘ಕಾಲ್ ಆಫ್ ಕ್ತುಲ್ಹು’ ಎಂಬುದರಲ್ಲಿ ಒಂದು ವಿದ್ಯೆಯನ್ನು ಕಥೆಯ ನಡುವೆ ಬಳಸಿ ಗೆದ್ದವನು ಆಮೇಲೆ ನೂರರ ದಾಳವನ್ನು ಉರುಳಿಸುವನು. ಬಿದ್ದ ಅಂಕವು ಅವನ ಈಗಿನ ಜ್ಞಾನದ ಅಂಕವನ್ನು ಮೀರಿದರೆ ಮಾತ್ರ ಜ್ಞಾನವು ವೃದ್ಧಿಯಾಗುವುದು. ಮೊದಮೊದಲು ಬೇಗಬೇಗ, ಬರಬರುತ್ತ ನಿಧಾನ. ಬಾಲಪಾಠವನ್ನು ಮೂರು ತಿಂಗಳಲ್ಲಿ ಮುಗಿಸಿ, ಕೌಮುದಿಯಲ್ಲಿ ಮೂರು ವರ್ಷ ತಡವರಿಸಿದ ನಮಗೆ ಈ ನಿಯಮವು ಚೆನ್ನಾಗಿ ಒಪ್ಪುವುದು.

೨೦೦೪ರಲ್ಲಿ ನಾಲ್ಕನೆಯ ಸಲ ಪರಿಷ್ಕೃತವಾದ ‘ಗರ್ಪ್ಸ್’ ಎಂಬ ಆಟದಲ್ಲಿ ಭಾಷಾಜ್ಞಾನಕ್ಕೆ ಮೂರು ಮಟ್ಟಗಳು: ತೊದಲು ಮಾತು, ಪರಕೀಯರ ಉಚ್ಚಾರಣೆಯುಳ್ಳ ಮಾತು, ಮಾತೃಭಾಷೆಯಂಥ ಮಾತು. ಬರಹಕ್ಕೂ ಹೀಗೆಯೇ ಪ್ರತ್ಯೇಕ ಗಣನೆ. ಒಂದು ಅಂಕವನ್ನು ಗಳಿಸಲು ೨೦೦ ಗಂಟೆಗಳ ವ್ಯಾಸಂಗ. ಮಾತು ಬರಹಗಳೆರಡರಲ್ಲಿಯೂ ಪೂರ್ಣ ಪ್ರಭುತ್ವಕ್ಕೆ ಆರು ಅಂಕಗಳು, ಎಂದರೆ ೧೨೦೦ ಗಂಟೆಗಳು. ಗುರುವಿಲ್ಲದೆ ತಾನೇ ಓದಿಕೊಳ್ಳುವವನ ಎರಡು ಗಂಟೆಗಳು ಗುರುಮುಖದ ಒಂದು ಗಂಟೆಗೆ ಸಮ. ೧೯೭೪ರ ಪುಸ್ತಿಕೆಯಲ್ಲಿ ಕಾಣದ ಗುರುವಿಗೆ ಇಲ್ಲಿ ಬೆಲೆ ಕಟ್ಟಿರುವುದನ್ನು ವಾಚಕರು ಗಮನಿಸತಕ್ಕುದು.

ಮೊದಲನೆಯ ಆಟವೂ ಇದೇ ದಾರಿಗೆ ಬಂದಿತು. ಅದರ ೨೦೧೪ರ ಆವೃತ್ತಿಯಂತೆ ಹೊಸ ಭಾಷೆಯನ್ನು ಕಲಿಯಬಯಸುವವನು ಮೊದಲು ಹೇಳಿಕೊಡಲು ಒಪ್ಪುವ ಗುರುವನ್ನು ಹುಡುಕಬೇಕು. ಅನಂತರ ೨೫೦ ದಿನಗಳ ಅಭ್ಯಾಸ, ದಿನಕ್ಕೊಂದು ಚಿನ್ನದ ನಾಣ್ಯದಂತೆ ವೆಚ್ಚ. ೨೦೧೭ರ ಉಪಗ್ರಂಥವು ಈ ಅವಧಿಯನ್ನು ಹತ್ತು ವಾರಗಳಿಗೆ ಇಳಿಸಿ, ಬುದ್ಧಿಶಾಲಿಗೆ ಇನ್ನಷ್ಟು ವಾರಗಳನ್ನು ಕಳೆದು, ವಾರಕ್ಕೆ ೨೫ ನಾಣ್ಯಗಳನ್ನು ಗೊತ್ತುಮಾಡಿತು. ೧೯೭೪ರಲ್ಲಿ ಬುದ್ಧಿಯು ಭಾಷೆಗಳನ್ನೇ ಕೊಡುತ್ತಿದ್ದಿತು; ಈಗ ಕಾಲವನ್ನು ಕಡಮೆ ಮಾಡಿಕೊಡುವುದು ಮಾತ್ರ. ಇನ್ನೊಂದು ಸೂಕ್ಷ್ಮವಿದೆ. ಭಾಷೆಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿ, ಎರಡನೆಯದನ್ನು ೨೦೧೪ರಲ್ಲಿ ‘ಪರದೇಶದ, ವಿಲಕ್ಷಣವಾದ’ ಎಂಬರ್ಥದ ಹೆಸರಿನಿಂದ ಕರೆದಿದ್ದರು. ೨೦೨೪ರ ಆವೃತ್ತಿಯಲ್ಲಿ ಅದೇ ಪಟ್ಟಿಗೆ ‘ದುರ್ಲಭ’ವೆಂದು ಹೆಸರಾಯಿತು. ೨೦೧೪ರ ನಿಯಮದಲ್ಲಿ ಈ ಎರಡನೆಯ ಪಟ್ಟಿಯ ಭಾಷೆಗೆ ಹೆಚ್ಚಿನ ದಿನಗಳನ್ನೇನೂ ವಿಧಿಸಿರಲಿಲ್ಲ. ಪಾತಾಳವಾಸಿಗಳ ಭಾಷೆಗೂ ನೆರೆಯೂರಿನ ಕುಬ್ಜರ ಭಾಷೆಗೂ ೨೫೦ ದಿನಗಳೇ. ವ್ಯತ್ಯಾಸವಿರುವುದು ಹೇಳಿಕೊಡುವವನು ಸಿಕ್ಕುವುದರಲ್ಲಿ. ಕಾಠಿಣ್ಯವು ಬೇರೆ, ದೌರ್ಲಭ್ಯವು ಬೇರೆ ಎಂಬ ವಿವೇಕವು ಇದರಿಂದ ಸ್ಪಷ್ಟವಾಗುವುದು.

ಈ ವಿವೇಕವನ್ನು ಸ್ವಂತ ಅನುಭವದಿಂದ ಬಲ್ಲ ಒಬ್ಬ ವಿದ್ವಾಂಸನು ಆಟಗಳ ಆರಂಭಕಾಲದಲ್ಲಿಯೇ ಇದ್ದನು. ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ ಎಂಬ ಆಟವನ್ನು ೧೯೭೫ರಲ್ಲಿ ಪ್ರಕಟಿಸಿದ ಎಂ. ಎ. ಆರ್. ಬಾರ್ಕರ್ (೧೯೨೯–೨೦೧೨) ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು. ಉರ್ದು, ಬಲೂಚಿ ಭಾಷೆಗಳಿಗೆ ಪಾಠಗ್ರಂಥಗಳನ್ನು ಸಿದ್ಧಪಡಿಸಿದವನು. ತನ್ನ ಕಲ್ಪಿತ ಲೋಕಕ್ಕಾಗಿ ವ್ಯಾಕರಣ ಸಹಿತವಾದ ಭಾಷೆಯನ್ನೇ ನಿರ್ಮಿಸಿದನು. ಅದಕ್ಕೆ ಮುಂಚೆ, ೧೯೬೩–೬೪ರಲ್ಲಿ, ಆರೆಗಾನ್ ಸಂಸ್ಥಾನದ ಮೂಲನಿವಾಸಿಗಳ ಕ್ಲಾಮತ್ ಭಾಷೆಯ ಕಥೆಗಳನ್ನೂ ನಿಘಂಟನ್ನೂ ವ್ಯಾಕರಣವನ್ನೂ ಅವನು ಅಚ್ಚುಮಾಡಿಸಿದ್ದನು. ಆ ಭಾಷೆಯನ್ನು ಬಾಲ್ಯದಿಂದ ಸರಾಗವಾಗಿ ಆಡಿದವರಲ್ಲಿ ಕೊನೆಯವರು ೨೦೦೩ರಲ್ಲಿ ತೀರಿಕೊಂಡರು. ಇನ್ನು ಅದನ್ನು ಕಲಿಯುವವರಿಗೆ ಬಹುಮಟ್ಟಿಗೆ ಗ್ರಂಥವೇ ಆಧಾರವು.

ಇಷ್ಟನ್ನು ಬರೆಯಲು ಒಂದು ಸ್ವಂತ ಕಾರಣವೂ ಉಂಟು. ನಮ್ಮ ಮನೆಯ ಅಟ್ಟದ ಮೇಲೆ ತಾಳೆಗರಿಯ ಕಟ್ಟೊಂದಿದೆ. ಭಾಷೆಯು ಸಂಸ್ಕೃತವೆಂದು ತೀರ್ಥರೂಪರು ಹೇಳುತ್ತಿದ್ದರು, ಲಿಪಿಯು ತಿಗಳಾರಿ. ಪಾಠಶಾಲೆಯಲ್ಲಿ ನಮ್ಮ ವ್ಯಾಕರಣದ ಗುರುಗಳು ಆ ಲಿಪಿಯನ್ನು ನೀರು ಕುಡಿದಂತೆ ಓದುತ್ತಿದ್ದರು. ಸಂಜೆಯ ಹೊತ್ತು ಬಂದರೆ ಕಲಿಸಿಕೊಡುವೆನೆಂದು ಎರಡು ಸಲ ಕರೆದರು. ಪರೀಕ್ಷೆಯು ಮುಗಿಯಲೆಂದು ನಾನು ಮುಂದಕ್ಕೆ ಹಾಕಿದೆನು. ಪರೀಕ್ಷೆಯು ಮುಗಿಯಿತು, ನೌಕರಿಯು ಸಿಕ್ಕಿತು, ಗುರುಗಳು ತೀರಿಕೊಂಡರು. ಕಳೆದ ಬೇಸಗೆಯಲ್ಲಿ ಮೊಮ್ಮಗನು ಆ ಕಟ್ಟನ್ನು ಕೆಳಗಿಳಿಸಿ, “ಅಜ್ಜಾ, ಇದರಲ್ಲಿ ಏನಿದೆ, ಓದಿ ಹೇಳಿ” ಎಂದಾಗ, ಫಿರೋಜ್ ಷಾನ ಪಂಡಿತರಂತೆ ನಾನೂ ಸುಮ್ಮನೆ ಕುಳಿತೆನು. ಹುಡುಗನು ತನ್ನ ಪುಸ್ತಕವನ್ನು ತಿರುವಿ, “ಮೊದಲು ಗುರುವನ್ನು ಹುಡುಕಬೇಕಂತೆ, ಅಜ್ಜಾ” ಎಂದನು.

ಹುಡುಕಿದೆನು. ನಮ್ಮೂರಿಂದ ಮೂರು ಹರದಾರಿಯ ದೂರದಲ್ಲಿ, ಎಂಬತ್ತು ದಾಟಿದ ಪುರೋಹಿತರೊಬ್ಬರು ಈ ಲಿಪಿಯನ್ನು ಬಲ್ಲರು. ಆದಿತ್ಯವಾರದ ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಬರುತ್ತಿರುವೆನು. ಕಣ್ಣು ಮಂಜಾದುದರಿಂದ ಅವರು ಗರಿಯನ್ನು ಬಿಸಿಲಿಗೆ ಹಿಡಿದು ಬೆರಳಿನಿಂದ ಅಕ್ಷರವನ್ನು ತೋರಿಸುವರು. ಈವರೆಗೆ ಹನ್ನೊಂದು ಪಾಠಗಳಾಗಿವೆ. ಮೊದಲನೆಯ ಗರಿಯ ಮೂರು ಪಂಕ್ತಿಗಳು ಓದಲು ಬಂದಿವೆ. ವಾಚಕರ ಮನೆಗಳಲ್ಲಿಯೂ ಇಂಥ ಕಟ್ಟುಗಳಿರಬಹುದು, ಆಸುಪಾಸಿನಲ್ಲಿ ಇಂಥ ಹಿರಿಯರಿರಬಹುದು. ವಿಚಾರಿಸಿ ನೋಡಬೇಕೆಂದು ವಿಜ್ಞಾಪಿಸುವೆನು.