ಬೇಲಿಯ ಸೊಪ್ಪುಕಡ್ಡಿ ಗೊಬ್ಬರವಾದ ಬಗೆ: ಇಂದೋರ್ ವಿಧಾನದ ಇತಿಹಾಸ

ಮಳೆಗಾಲ ಮುಗಿಯುತ್ತಿದ್ದಂತೆ ಶಾಲೆಯ ಅಂಗಳ, ಕೈತೋಟ, ಹೊಲದ ಬದು ಎಲ್ಲ ಕಡೆ ಬೇಲಿ ಸವರುವ ಕೆಲಸ ಶುರುವಾಗುತ್ತದೆ. ಕತ್ತರಿಸಿದ ರಾಶಿಗೆ ಬಹಳ ಸಲ ಬೆಂಕಿಯೇ ಗತಿ. ಬೆಂಕಿಯಲ್ಲಿ ಸ್ವಲ್ಪ ಬೂದಿ ಉಳಿಯುತ್ತದೆ ನಿಜ. ಆದರೆ ಗಿಡ ಕಷ್ಟಪಟ್ಟು ಕೂಡಿಸಿದ್ದ ನೈಟ್ರೊಜನ್ ಬಹುಪಾಲು ಹೊಗೆಯೊಡನೆ ಹೋಗುತ್ತದೆ. ಹಾಗಾದರೆ ಈ ಕಡ್ಡಿ ಸೊಪ್ಪನ್ನು ಮಣ್ಣಿಗೆ ಮರಳಿಸುವುದು ಹೇಗೆ? ಈ ಪ್ರಶ್ನೆಗೆ ವೈಜ್ಞಾನಿಕ ಉತ್ತರ ರೂಪುಗೊಂಡದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು.

1921ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹಚಿನ್‌ಸನ್ ಮತ್ತು ರಿಚರ್ಡ್ಸ್ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಒಣಹುಲ್ಲು ತಾನಾಗಿ ಬೇಗ ಕೊಳೆಯುವುದಿಲ್ಲ, ಏಕೆಂದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ನೈಟ್ರೊಜನ್ ಸಾಲದು. 100 ಕಿಲೋಗ್ರಾಂ ಹುಲ್ಲಿಗೆ ಸುಮಾರು 0.7 ಕಿಲೋಗ್ರಾಂ ನೈಟ್ರೊಜನ್ ದೊರೆತರೆ ಸಾಕು, ಕೊಳೆಯುವಿಕೆ ಚುರುಕಾಗುತ್ತದೆ. ಅವರು ಇದಕ್ಕೆ ಅಮೋನಿಯಂ ಲವಣಗಳನ್ನು ಬಳಸಿದರು. ಆದರೆ ಅಂದಿನ ಭಾರತದ ರೈತ ಅದನ್ನು ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇದ್ದ ಸಗಣಿಯೂ ಬೆರಣಿಯಾಗಿ ಒಲೆ ಸೇರುತ್ತಿತ್ತು.

1905ರಲ್ಲಿ ಭಾರತಕ್ಕೆ ಬಂದಿದ್ದ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್, 1924ರಿಂದ 1931ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿದ್ದರು. ಚೀನಾದ ರೈತರು ತ್ಯಾಜ್ಯವನ್ನೆಲ್ಲ ಮಣ್ಣಿಗೆ ಮರಳಿಸುವ ಕ್ರಮವನ್ನು ಎಫ್. ಎಚ್. ಕಿಂಗ್ 1911ರ ಪುಸ್ತಕದಲ್ಲಿ ವಿವರಿಸಿದ್ದರು. ಅದರಿಂದ ಪ್ರೇರಿತರಾದ ಹೊವಾರ್ಡ್, ರಸಾಯನವಿಜ್ಞಾನಿ ಯಶವಂತ ವಾಡ್ ಅವರೊಡನೆ ಇಂದೋರ್ ವಿಧಾನವನ್ನು ರೂಪಿಸಿದರು. 1931ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇಬ್ಬರ ಹೆಸರೂ ಇದೆ. ಆದರೂ ವಾಡ್ ಅವರನ್ನು ನೆನೆಯುವವರು ಕಡಿಮೆ.

ವಿಧಾನ ಸರಳ. ಕಳೆ, ಸೊಪ್ಪು, ಬೇಲಿಯ ಕತ್ತರಿಕೆ, ಹುಲ್ಲು ಇವುಗಳನ್ನು ಬೆರೆಸಬೇಕು. ಹಸಿ ಸೊಪ್ಪನ್ನು ಮೊದಲು ಬಾಡಿಸಬೇಕು, ಇಲ್ಲವಾದರೆ ಅದು ಮುದ್ದೆಗಟ್ಟಿ ಗಾಳಿಯನ್ನು ತಡೆಯುತ್ತದೆ. ಹತ್ತಿಯ ಕಟ್ಟಿಗೆಯಂಥ ಗಟ್ಟಿ ಕಡ್ಡಿಗಳನ್ನು ಇಂದೋರಿನಲ್ಲಿ ದಾರಿಯ ಮೇಲೆ ಹರಡಿ, ಗಾಡಿಯ ಚಕ್ರಗಳಿಂದಲೇ ಪುಡಿ ಮಾಡಿಸುತ್ತಿದ್ದರು! ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಬೂದಿ ಉಳಿದ ಕೊರತೆಯನ್ನು ತುಂಬುತ್ತಿದ್ದವು. ಗುಂಡಿ 30 ಅಡಿ ಉದ್ದ, 14 ಅಡಿ ಅಗಲ. ಆಳ ಮಾತ್ರ 2-3 ಅಡಿ, ಗಾಳಿ ತಳ ಮುಟ್ಟಲೆಂದು. ಮೂರು ಸಲ ಮಗುಚಿದರೆ ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧ.

ಇಲ್ಲಿನ ಲೆಕ್ಕ ತಿಳಿಯುವುದು ಸುಲಭ. ಆರಂಭದಲ್ಲಿ ನೈಟ್ರೊಜನ್ನಿನ 1 ಭಾಗಕ್ಕೆ ಕಾರ್ಬನ್ ಸುಮಾರು 30 ಭಾಗ ಇರಬೇಕು. ಸೂಕ್ಷ್ಮಜೀವಿಗಳು ಸುಮಾರು 20 ಭಾಗ ಕಾರ್ಬನ್ನನ್ನು ಕಾರ್ಬನ್ ಡೈಆಕ್ಸೈಡಾಗಿ ಉಸಿರಾಡಿ ಹೊರಬಿಟ್ಟರೆ ಉಳಿಯುವುದು 10:1 ಅನುಪಾತದ ಹ್ಯೂಮಸ್. ಬಲಿತ ಕಡ್ಡಿಗಳಲ್ಲಿ ಕಾರ್ಬನ್ ಹೆಚ್ಚು, ಲಿಗ್ನಿನ್ ಕೂಡ ಹೆಚ್ಚು. ಆದ್ದರಿಂದ ಕೊಳೆಯಲು ತಡ. ಎಳೆಯ ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ನೈಟ್ರೊಜನ್ ಧಾರಾಳ. ಇವೆರಡನ್ನು ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ.

ಕಥೆಯ ಮುಂದಿನ ಅಧ್ಯಾಯ ನಮ್ಮದೇ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಊರಿನ ಕಸ ಮತ್ತು ಮಲವನ್ನು ಪದರ ಪದರವಾಗಿ ಗುಂಡಿಗೆ ತುಂಬಿ ಮಣ್ಣಿನಿಂದ ಮುಚ್ಚುವ 'ಬೆಂಗಳೂರು ವಿಧಾನ'ವನ್ನು ರೂಪಿಸಿದರು. ಇದರಲ್ಲಿ ಮಗುಚುವ ದುಡಿಮೆ ಇಲ್ಲ, ನೈಟ್ರೊಜನ್ ನಷ್ಟವೂ ಕಡಿಮೆ. ಆದರೆ ಗಾಳಿಯಿಲ್ಲದೆ ಕೊಳೆಯುವುದರಿಂದ 6-8 ತಿಂಗಳು ಕಾಯಬೇಕು. ಮೀಥೇನ್ ಹೊರಬರುವುದನ್ನೂ ಇಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಬೇಲಿಯ ಕತ್ತರಿಕೆಯಿಂದ ಎರಡು ಸಮನಾದ ರಾಶಿ ಮಾಡಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದನ್ನು ಬೆರಳುದ್ದಕ್ಕೆ ಕತ್ತರಿಸಿ, ಸಗಣಿನೀರು ಚಿಮುಕಿಸಿ. ದಿನವೂ ಒಂದೇ ಹೊತ್ತಿಗೆ ಎರಡರ ಒಳಗಿನ ಉಷ್ಣತೆಯನ್ನು ಅಳೆದು ಗ್ರಾಫ್ ಬರೆಯಿರಿ. ಯಾವುದಕ್ಕೂ ಬೆಂಕಿ ಹಚ್ಚದೆ ರಾಶಿ ಬಿಸಿಯಾಗುವುದನ್ನು ಕಂಡ ವಿದ್ಯಾರ್ಥಿ ಮುಂದೆ ಕಡ್ಡಿಪೆಟ್ಟಿಗೆ ಹುಡುಕುವುದಿಲ್ಲ.