ಹಲ್ಲು ಹೇಳುವ ನೀರಿನ ಚರಿತ್ರೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಈ ಪಾಠ ಮಾಡುವಾಗಲೆಲ್ಲ ನಮ್ಮ ಸೀಮೆಯ ಇನ್ನೊಂದು ಬರಹ ನನ್ನ ನೆನಪಿಗೆ ಬರುತ್ತದೆ. ಅದು ಮಕ್ಕಳ ಹಲ್ಲಿನ ಮೇಲಿದೆ: ಸುಣ್ಣದಂಥ ಬಿಳಿ ಮಚ್ಚೆ, ಅಡ್ಡಡ್ಡ ಕಂದು ಗೆರೆ. ಚಳ್ಳಕೆರೆ, ಮೊಳಕಾಲ್ಮೂರಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಹಲ್ಲುಜ್ಜದ ಕೊಳೆಯೆಂದು ದೊಡ್ಡವರು ಗದರುತ್ತಾರೆ. ಎಷ್ಟು ತಿಕ್ಕಿದರೂ ಆ ಕಲೆ ಹೋಗುವುದಿಲ್ಲ.

ಇದು ನೀರಿನ ಗುರುತೆಂದು ತಿಳಿದ ಬಗೆ ಸ್ವಾರಸ್ಯದ್ದು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೆ, ಅಲ್ಲಿನವರ ಕಂದು ಹಲ್ಲು ಕಂಡು ಅದರ ಬೆನ್ನು ಹತ್ತಿದರು. ಅವರ ಸಲಹೆಯಂತೆ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನವರು 1925ರಲ್ಲಿ ನೀರಿನ ಮೂಲವನ್ನೇ ಬದಲಿಸಿದರು. ಅನಂತರ ಬೆಳೆದ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಲಿಲ್ಲ. ಕಾರಣ ಫ್ಲೋರೈಡ್ ಎಂದು 1931ರಲ್ಲಿ ರಸಾಯನ ವಿಜ್ಞಾನಿ ಚರ್ಚಿಲ್ ಗುರುತಿಸಿದರು. ನಮ್ಮ ನೆರೆಯ ನೆಲ್ಲೂರು ಸೀಮೆಯಲ್ಲಿ ಅದು ಮೂಳೆಯನ್ನೂ ಕೆಡಿಸುವುದನ್ನು 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ವರದಿ ಮಾಡಿದರು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹಲ್ಲಿನ ಮೇಲಿನ ಗಟ್ಟಿ ಕವಚ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆದ್ದರಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ತವರಿನ ನೀರಿನ ಕಥೆ ಹೇಳುತ್ತದೆಯೇ ಹೊರತು ಗಂಡನ ಮನೆಯದಲ್ಲ. ಮೂಳೆಯಲ್ಲಿ ಫ್ಲೋರೈಡ್ ವರ್ಷಗಟ್ಟಲೆ ಸೇರುತ್ತ ಹೋಗುತ್ತದೆ. ಮೂತ್ರ ಪರೀಕ್ಷೆ ಮುಖ್ಯವಾಗಿ ಈಚಿನ ದಿನಗಳದ್ದನ್ನು ತಿಳಿಸುತ್ತದೆ. ಈ ಭೇದ ಅರಿಯದೆ ಇಂದಿನ ನಲ್ಲಿಯ ನೀರನ್ನು ಅಳೆದು, ಇಂದಿನ ಹಲ್ಲಿನೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನೀರು ಶುದ್ಧವಿದ್ದೂ ಹಲ್ಲು ಕಲೆಯಾಗಿರಬಹುದು. ಹಲ್ಲು ಬಿಳಿಯಿದ್ದೂ ಬೆನ್ನು ಬಾಗುತ್ತಿರಬಹುದು.

ಈಗ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ಅವು ಕೆಟ್ಟು ನಿಂತರೆ ಜನ ಮತ್ತೆ ಹಳೆಯ ಬೋರಿಗೇ ಹೋಗಬೇಕಾಗುತ್ತದೆ. ಘಟಕದಿಂದ ಆದ ಲಾಭ ತಿಳಿಯಬೇಕಾದರೆ ಹತ್ತನೆಯ ತರಗತಿಯ ಮಕ್ಕಳನ್ನು ನೋಡಿ ಫಲವಿಲ್ಲ. ಅದು ಬಂದ ಮೇಲೆ ಹುಟ್ಟಿ, ಅದೇ ಊರಿನಲ್ಲಿ ಬೆಳೆದ ಮಕ್ಕಳಿಗೆ ಶಾಶ್ವತ ಹಲ್ಲು ಮೂಡುವ ತನಕ ಕಾಯಬೇಕು. ಶಾಲೆಯ ದಾಖಲೆಯಲ್ಲಿ ಮಗುವಿನ ಹುಟ್ಟಿದ ತಾರೀಖಿದೆ, ಜಾತಿಯಿದೆ. ಯಾವ ಊರಿನ ಯಾವ ನೀರು ಕುಡಿದು ಬೆಳೆಯಿತೆಂಬುದನ್ನೂ ಪಕ್ಕದಲ್ಲಿ ಬರೆದಿಟ್ಟರೆ, ಮುಂದೆ ಪರೀಕ್ಷಿಸಲು ಬರುವವರಿಗೆ ಅದಕ್ಕಿಂತ ದೊಡ್ಡ ಸಹಾಯ ಬೇಕಿಲ್ಲ. ಅದಕ್ಕೆ ಬೇಕಾದುದು ಒಂದು ಗೆರೆಯಷ್ಟು ಜಾಗ.