ಎರಡು ಹಾರ್ಡ್ ಡಿಸ್ಕ್ ಹಾಕಿಸಿದರೆ ಬ್ಯಾಕಪ್ ಬೇಡವೇ? ಇಲ್ಲಿದೆ ವಾಸ್ತವ

‘ಕಂಪ್ಯೂಟರ್‌ಗೆ ಎರಡು ಹಾರ್ಡ್ ಡಿಸ್ಕ್ ಹಾಕಿಸಿ, ಫೋಟೋ, ಲೆಕ್ಕಪತ್ರ ಯಾವತ್ತೂ ಹೋಗುವುದಿಲ್ಲ’ ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ಉಳಿದರ್ಧ ಏನೆಂದು ನೋಡೋಣ.

ಏನಿದು ವ್ಯವಸ್ಥೆ?

ಇದರ ಹೆಸರು ರೇಡ್. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಇದರಲ್ಲಿ ಹಲವು ಬಗೆಗಳಿವೆ:

• ರೇಡ್ 0: ವೇಗ ಹೆಚ್ಚು, ರಕ್ಷಣೆ ಇಲ್ಲ. ಒಂದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು.
• ರೇಡ್ 1: ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ. 4 ಟಿಬಿಯ ಎರಡು ಡಿಸ್ಕ್ ಹಾಕಿದರೆ ಬಳಕೆಗೆ ಸಿಗುವುದು 4 ಟಿಬಿ.
• ರೇಡ್ 5: ಕನಿಷ್ಠ 3 ಡಿಸ್ಕ್ ಬೇಕು. ಒಂದು ಕೆಟ್ಟರೂ ಮಾಹಿತಿ ಉಳಿಯುತ್ತದೆ.

ಹಾಗಾದರೆ ಸಮಸ್ಯೆ ಎಲ್ಲಿ?

ಪೊನ್ನಂಪೇಟೆಯ ಒಂದು ಕಾಫಿ ತೋಟದ ಮನೆ ಎಂದುಕೊಳ್ಳಿ. ಹತ್ತು ವರ್ಷದ ತೋಟದ ಲೆಕ್ಕ, ಮಗಳ ಮದುವೆಯ ಫೋಟೋ ಎಲ್ಲವೂ ರೇಡ್ 1 ಇರುವ ಕಂಪ್ಯೂಟರ್‌ನಲ್ಲಿವೆ. ಒಂದು ಡಿಸ್ಕ್ ಕೆಟ್ಟರೆ ಹೊಸದು ಹಾಕಿದರಾಯಿತು. ಆದರೆ ಯಾರೋ ತಪ್ಪಿ ಫೋಲ್ಡರ್ ಡಿಲೀಟ್ ಮಾಡಿದರೆ ಅದು ಎರಡರಿಂದಲೂ ಒಟ್ಟಿಗೇ ಅಳಿಸಿಹೋಗುತ್ತದೆ. ವೈರಸ್ ಬಂದರೂ ಹಾಗೆಯೇ. ಸಿಡಿಲು ಬಡಿದು ಕರೆಂಟ್ ಏರುಪೇರಾದರೆ ಒಂದೇ ಪೆಟ್ಟಿಗೆಯಲ್ಲಿರುವ ಎರಡೂ ಸುಟ್ಟುಹೋಗಬಹುದು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಕೊಡಗಿನ ಹಲವರ ಮನೆಗಳೇ ಉಳಿಯಲಿಲ್ಲ. ಅಂಥ ಹೊತ್ತಿನಲ್ಲಿ ಮನೆಯೊಳಗೆ ಎಷ್ಟು ಡಿಸ್ಕ್ ಇದ್ದರೇನು?

ಅಳವಡಿಸುವುದು ಹೇಗೆ?

ವಿಂಡೋಸ್ 10 ಮತ್ತು 11ರಲ್ಲಿ ‘ಸ್ಟೋರೇಜ್ ಸ್ಪೇಸಸ್’ ಸೌಲಭ್ಯವಿದೆ. ವಿಂಡೋಸ್ ಇರುವ ಡಿಸ್ಕ್ ಬಿಟ್ಟು ಇನ್ನೆರಡು ಡಿಸ್ಕ್ ಜೋಡಿಸಿ, ‘ಟೂ-ವೇ ಮಿರರ್’ ಆಯ್ಕೆ ಮಾಡಿ. ಎಚ್ಚರ: ಹೀಗೆ ಮಾಡುವಾಗ ಆ ಎರಡು ಡಿಸ್ಕ್‌ಗಳಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೊದಲೇ ಬೇರೆಡೆ ಕಾಪಿ ಮಾಡಿಕೊಳ್ಳಿ. ಒಂದು ಡಿಸ್ಕ್ ಕೆಟ್ಟಿದೆ ಎಂಬ ಸೂಚನೆ ಬಂದರೆ ತಡಮಾಡದೆ ಬದಲಿಸಿ. ಎರಡನೆಯದೂ ಕೆಟ್ಟರೆ ದಾರಿಯಿಲ್ಲ.

ಬ್ಯಾಕಪ್‌ಗೆ 3-2-1 ನಿಯಮ

ಮಾಹಿತಿಯ 3 ಪ್ರತಿ ಇರಲಿ, 2 ಬೇರೆ ಬಗೆಯ ಸಾಧನಗಳಲ್ಲಿರಲಿ, 1 ಪ್ರತಿ ಮನೆಯಿಂದ ದೂರವಿರಲಿ. ರೇಡ್‌ನ ಜೋಡಿ ಡಿಸ್ಕ್‌ಗಳನ್ನು ಒಂದೇ ಪ್ರತಿ ಎಂದು ಲೆಕ್ಕ ಹಾಕಿ. ಇನ್ನೊಂದು ಪ್ರತಿಯನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ, ಕೆಲಸವಾದ ಮೇಲೆ ಕೇಬಲ್ ಕಳಚಿಡಿ. ಮೂರನೆಯದು ಕ್ಲೌಡ್‌ನಲ್ಲೋ ಬೇರೆ ಊರಿನ ನೆಂಟರ ಮನೆಯಲ್ಲೋ ಇರಲಿ. ಆಗಾಗ ಒಂದೆರಡು ಫೈಲ್ ತೆರೆದು ನೋಡುವುದನ್ನು ಮರೆಯಬೇಡಿ.

ನಮ್ಮ ತೀರ್ಮಾನ: ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ರೇಡ್ ನೋಡಿಕೊಳ್ಳುತ್ತದೆ. ಕಳೆದುಹೋದದ್ದನ್ನು ಮರಳಿ ಕೊಡುವುದು ಬ್ಯಾಕಪ್ ಮಾತ್ರ. ಆ ಸಲಹೆಯನ್ನು ಫಾರ್ವರ್ಡ್ ಮಾಡುವಾಗ ಈ ಮಾತನ್ನೂ ಸೇರಿಸಿ.